ಮೂರನೇ ಹಲಗೆ

ನಾನು ಅಭ್ಯಾಸ ಬೋಧನೆಗೆ ಹೋಗಿದ್ದ ಪ್ರೌಢಶಾಲೆಗೆ ಎರಡನೇ ವಾರದಲ್ಲಿ ಒಂದು ಪುಸ್ತಕದ ಕಪಾಟು ಬಂತು. ಎಂಟನೇ ತರಗತಿಯ ಓದುವ ಮೂಲೆಗೆಂದು ಹಳೆಯ ವಿದ್ಯಾರ್ಥಿಗಳು ಕೊಟ್ಟದ್ದು. ಬಂದದ್ದು ಚಪ್ಪಟೆ ರಟ್ಟಿನ ಪೆಟ್ಟಿಗೆಯಲ್ಲಿ: ಏಳು ಹಲಗೆ, ಒಂದು ಪೊಟ್ಟಣ ಸ್ಕ್ರೂ, ಅಕ್ಷರವೇ ಇಲ್ಲದ ಚಿತ್ರಗಳ ಒಂದು ಹಾಳೆ. "ನೀವು ಬಿಎಸ್ಸಿಯವರಲ್ಲವೇ, ಜೋಡಿಸಿಬಿಡಿ" ಎಂದರು ಮಾರ್ಗದರ್ಶಕ ಶಿಕ್ಷಕರು. ವರ್ಷಗಟ್ಟಲೆ ಭೌತವಿಜ್ಞಾನ ಓದಿದ್ದೆನೇ ಹೊರತು ಅದುವರೆಗೆ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದವಳಲ್ಲ. ಆದರೂ ಹೂಂ ಎಂದೆ.

ಇಂಥ ಕಪಾಟಿನ ಹಲಗೆ ಮರದಂತೆ ಕಂಡರೂ ಮರವಲ್ಲ. ಮರದ ಚೂರುಗಳನ್ನು ರಾಳದಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ, ಮೇಲೊಂದು ತೆಳು ಹಾಳೆ ಅಂಟಿಸಿದ ಪಾರ್ಟಿಕಲ್ ಬೋರ್ಡ್. ಇದರಲ್ಲಿ ಉದ್ದಕ್ಕೂ ಓಡುವ ಎಳೆಗಳಿರುವುದಿಲ್ಲ, ಹಾಗಾಗಿ ಅಂಚಿನಲ್ಲಿ ಬೇಗ ಸೀಳುತ್ತದೆ. ಜೋಡಣೆಗೆ ಇರುವುದು ಕ್ಯಾಮ್ ಲಾಕ್. ಪಕ್ಕದ ಹಲಗೆಯಿಂದ ಹೊರಚಾಚಿದ ಲೋಹದ ಕಡ್ಡಿಯ ತಲೆಯನ್ನು ಅಡ್ಡಹಲಗೆಯೊಳಗಿನ ಗುಂಡು ಬಿಲ್ಲೆ ಕಚ್ಚಿಕೊಳ್ಳುತ್ತದೆ. ಬಿಲ್ಲೆಯನ್ನು ಸುಮಾರು ಅರ್ಧ ಸುತ್ತು ತಿರುಗಿಸಿದರೆ ಎರಡೂ ಬಿಗಿಯಾಗುತ್ತವೆ. ಅಲ್ಲಿಗೆ ನಿಲ್ಲಿಸಬೇಕು. ನಾನು ನಿಲ್ಲಿಸಲಿಲ್ಲ. ಇನ್ನಷ್ಟು ಬಿಗಿಯಿರಲಿ ಎಂದು ಪ್ರಯೋಗಾಲಯದ ದೊಡ್ಡ ಸ್ಕ್ರೂಡ್ರೈವರ್ ತಂದು ಎರಡೂ ಕೈಯಲ್ಲಿ ತಿರುಗಿಸಿದೆ. ಮೂರನೇ ಹಲಗೆಯಿಂದ ಕಿರ್ ಎಂಬ ಸಣ್ಣ ಸದ್ದು ಬಂತು. ಬಗ್ಗಿ ನೋಡಿದರೆ ಬಿಲ್ಲೆಯ ಗುಂಡಿಯಿಂದ ಅಂಚಿನವರೆಗೆ ಕೂದಲೆಳೆಯಷ್ಟು ಬಿರುಕು. ಹಲಗೆಯ ದಪ್ಪ 16 ಮಿಲಿಮೀಟರ್. ಬಿಲ್ಲೆಗಾಗಿ ಕೊರೆದ ಮೇಲೆ ಅಲ್ಲಿ ಉಳಿದಿದ್ದ ದಪ್ಪ ಕೆಲವೇ ಮಿಲಿಮೀಟರ್.

ಬಿರುಕು ಹಲಗೆಯ ಅಡಿಭಾಗದಲ್ಲಿತ್ತು, ನಿಂತವರಿಗೆ ಕಾಣುವಂತಿರಲಿಲ್ಲ. ಮಾರನೆಯ ದಿನ ನನ್ನ ಪಾಠ ವೀಕ್ಷಣೆಗೆ ಕಾಲೇಜಿನಿಂದ ಉಪನ್ಯಾಸಕರು ಬರುವವರಿದ್ದರು. ಕಪಾಟನ್ನು ಗೋಡೆಗೆ ಒರಗಿಸಿ, ಪುಸ್ತಕ ತುಂಬಿಸಿ, ಮೇಲೆ ಬಣ್ಣದ ಕಾಗದದ ತೋರಣ ಕಟ್ಟಿದೆ. ಎಲ್ಲರೂ ಚೆನ್ನಾಗಿದೆ ಎಂದರು.

ಮೂರನೇ ದಿನ ಒಬ್ಬ ಹುಡುಗ ತರಗತಿಯ ನೋಟ್‌ಪುಸ್ತಕಗಳ ಕಟ್ಟನ್ನು ತಂದು ಆ ಹಲಗೆಯ ಮೇಲಿಟ್ಟ. ಒಂದು ತುದಿ ಕಳಚಿ ಹಲಗೆ ವಾಲಿತು, ಪುಸ್ತಕಗಳೆಲ್ಲ ನೆಲಕ್ಕೆ ಸುರಿದವು. ಓಡಿ ಬಂದ ಶಿಕ್ಷಕರು "ಹಲಗೆ ಹಿಡಿದು ಜೋತಾಡಿದೆಯಾ?" ಎಂದು ಗದರಿದರು. ಅವನು "ಇಲ್ಲ ಸರ್" ಎಂದ. ಅಷ್ಟೇ ಅಂದದ್ದು. ಆ ಅವಧಿ ಪೂರ್ತಿ ಬಾಗಿಲ ಹೊರಗೆ ನಿಂತ. ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಬಿಡಿಸಿಕೊಂಡು ಕೂತಿದ್ದೆ. 'ತರಗತಿ ನಿರ್ವಹಣೆ' ಎಂಬ ಕಲಂನಲ್ಲಿ 'ಉತ್ತಮ' ಎಂದು ಬರೆದೆ.

ಅಂದು ರಾತ್ರಿ ಪಾಠಯೋಜನೆ ಬರೆಯಲು ಕೂತರೆ ಕೈ ಓಡಲಿಲ್ಲ. ಪಾಠ 'ಬಲ ಮತ್ತು ಒತ್ತಡ'. ಅದೇ ಬಲ ಕಡಿಮೆ ವಿಸ್ತೀರ್ಣದ ಮೇಲೆ ಬಿದ್ದರೆ ಒತ್ತಡ ಹೆಚ್ಚುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕುತ್ತಿದ್ದೆ, ಸೂಜಿ, ಚಾಕು, ಚೀಲದ ಅಗಲ ಪಟ್ಟಿ ಎಂದು. ತರಗತಿಯ ಮೂಲೆಯಲ್ಲಿದ್ದ ಉದಾಹರಣೆ ನೆನಪಾಗದೆ ಇರಲಿಲ್ಲ. ಅಷ್ಟೂ ಪುಸ್ತಕಗಳ ಭಾರ ಹಲಗೆಯ ತುದಿಯಲ್ಲಿ ಎರಡು ಸಣ್ಣ ಕಡ್ಡಿಗಳ ಮೇಲೆ ನಿಂತಿತ್ತು.

ಬೆಳಗ್ಗೆ ಶಿಕ್ಷಕರ ಕೊಠಡಿಯಲ್ಲಿ ಹೇಳಿಬಿಟ್ಟೆ. ಮಾರ್ಗದರ್ಶಕರು ಬೈಯಲಿಲ್ಲ. "ಆಯಿತು ಬಿಡಿ. ಮಕ್ಕಳ ಮುಂದೆ ಹೇಳಲು ಹೋಗಬೇಡಿ, ಆಮೇಲೆ ನಿಮ್ಮ ಮಾತು ಕೇಳುವುದಿಲ್ಲ" ಎಂದರು. ಅವರ ಅನುಭವ ದೊಡ್ಡದು, ಅವರು ಹೇಳಿದ್ದು ನನ್ನ ಒಳಿತಿಗೇ. ಆದರೆ ಅವನು ಹೊರಗೆ ನಿಂತದ್ದು ಎಲ್ಲರೆದುರು. ಶಿಕ್ಷಕರ ಕೊಠಡಿಯಲ್ಲಿ ಹೇಳಿದರೆ ಅವನಿಗೇನು ಬಂತು? ಎರಡನೇ ಅವಧಿಯಲ್ಲಿ ತರಗತಿಗೆ ಹೇಳಿದೆ. ಹಲಗೆ ಬಿರುಕು ಬಿಟ್ಟದ್ದು ನನ್ನಿಂದ, ಗೊತ್ತಿದ್ದೂ ಸುಮ್ಮನಿದ್ದೆ ಎಂದು. ಧ್ವನಿ ನಡುಗುತ್ತಿತ್ತು. ಆ ಹುಡುಗ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ: "ಎಷ್ಟು ಸುತ್ತು ತಿರುಗಿಸಿದ್ರಿ ಮಿಸ್?" ಎಲ್ಲರೂ ನಕ್ಕರು, ಅವನು ನಗಲಿಲ್ಲ. ಅವನಿಗೆ ನಿಜಕ್ಕೂ ಅದು ಬೇಕಿತ್ತು.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅವನೂ ಇನ್ನಿಬ್ಬರೂ ಉಳಿದರು. ಹಲಗೆ ಬಿಚ್ಚಿ ಮೇಜಿನ ಮೇಲೆ ಮಗುಚಿ ಹಾಕಿದೆವು. ಬಿರುಕಿನೊಳಗಿನ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಬಿರುಕನ್ನು ತುಸು ಅಗಲಿಸಿ, ಬಿಳಿ ಮರದ ಅಂಟನ್ನು ಪೋಸ್ಟ್ ಕಾರ್ಡಿನ ಅಂಚಿನಿಂದ ಒಳಕ್ಕೆ ತಳ್ಳಿದೆವು. ಮೇಲೆ ಸವರಿದರೆ ಪ್ರಯೋಜನವಿಲ್ಲ, ಬಿರುಕಿನ ತಳಕ್ಕೆ ಇಳಿಯಬೇಕು. ಎರಡೂ ಕಡೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರದ ತುಂಡು, ಪ್ರಯೋಗಾಲಯದ ಎರಡು ಜಿ-ಕ್ಲ್ಯಾಂಪ್. ಕ್ಲ್ಯಾಂಪ್ ತಿರುಗಿಸಲು ನಾನು ಕೈ ಹಾಕಿದಾಗ "ಸಾಕು ಮಿಸ್" ಎಂದ ಅವನು. ಅಂಚಿನಲ್ಲಿ ಅಂಟು ಸಣ್ಣ ಮಣಿಗಳಂತೆ ಹೊರಬಂದಿತ್ತು, ಸಾಕಾಗಿತ್ತು. ಅದನ್ನು ಒರೆಸಲು ಒಬ್ಬ ಬಟ್ಟೆಯನ್ನು ತೊಯ್ಸಿಕೊಂಡು ಬಂದ. ಹಿಂಡಿಸಿದೆ, ಈ ಹಲಗೆಗೆ ನೀರು ಆಗದು. ಉದುರಿದ ಒಂದು ಚೂರನ್ನು ಬೀಕರಿನ ನೀರಿಗೆ ಹಾಕಿಟ್ಟೆವು. ಸೋಮವಾರ ನೋಡಿದರೆ ಅದು ರೊಟ್ಟಿಯ ಚೂರಿನಂತೆ ಊದಿತ್ತು. ಒಣಗಿಸಿದ ಮೇಲೂ ಮೊದಲಿನ ಗಾತ್ರಕ್ಕೆ ಬರಲಿಲ್ಲ. ನನ್ನ ಯಾವ ಬೋಧನೋಪಕರಣವನ್ನೂ ಮಕ್ಕಳು ಅಷ್ಟು ಕೈಯಲ್ಲಿ ಹಿಡಿದು ನೋಡಿಲ್ಲ.

ಅಂಟು ಒಣಗಲು ಒಂದು ದಿನ ಸಾಕಿತ್ತು, ಭಾನುವಾರ ಸೇರಿ ಎರಡು ದಿನ ಸಿಕ್ಕಿತು. ಆದರೂ ಆ ಬಿಲ್ಲೆಯ ಮೇಲೆ ಮತ್ತೆ ಭಾರ ಹೊರಿಸುವ ಧೈರ್ಯ ನನಗಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಅಂಗುಲ ಅಗಲದ ಎರಡು ಮರದ ಪಟ್ಟಿ ತಂದು, ಹಲಗೆಯ ಎರಡೂ ತುದಿಯ ಕೆಳಗೆ ಪಕ್ಕದ ಹಲಗೆಗಳಿಗೆ ಸ್ಕ್ರೂ ಮಾಡಿದೆವು. ಪಟ್ಟಿಯ ದಪ್ಪ 12 ಮಿಲಿಮೀಟರ್, ಸ್ಕ್ರೂ 25, ಪಕ್ಕದ ಹಲಗೆ 16. ಸ್ಕ್ರೂ ಆಚೆ ಬದಿಗೆ ತೂರುತ್ತದೆಯೇ ಎಂದು ಕೇಳಿದೆ. ಮೂವರೂ ಲೆಕ್ಕ ಹಾಕಿ 3 ಮಿಲಿಮೀಟರ್ ಉಳಿಯುತ್ತದೆ ಎಂದರು. ಮೊದಲು ಸಣ್ಣ ರಂಧ್ರ ಕೊರೆದೇ ಸ್ಕ್ರೂ ಇಳಿಸಿದೆವು, ಇಲ್ಲದಿದ್ದರೆ ಮತ್ತೊಂದು ಬಿರುಕು. ಈಗ ಭಾರ ಕೂರುವುದು ಪಟ್ಟಿಗಳ ಮೇಲೆ. ಕ್ಯಾಮ್ ಲಾಕ್ ಹಲಗೆಯನ್ನು ಅಲುಗದಂತೆ ಹಿಡಿದಿರುತ್ತದೆ ಅಷ್ಟೇ.

ಮಾರ್ಗದರ್ಶಕರು ಬಂದು ಹಲಗೆಯನ್ನು ಒಮ್ಮೆ ಅಮುಕಿ ನೋಡಿದರು. ಆ ಹುಡುಗನ ಕಡೆ ತಿರುಗಿ "ಚೆನ್ನಾಗಿ ಮಾಡಿದ್ದೀರಿ" ಎಂದರು. ಅವನು ತಲೆಯಾಡಿಸಿದ. ಹೊರಗೆ ನಿಲ್ಲಿಸಿದ್ದರ ಮಾತು ಇಬ್ಬರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಂಟಿದ ಜಾಗದಲ್ಲಿ ಒಂದು ಕಂದು ಗೆರೆ ಉಳಿದಿದೆ. ವೀಕ್ಷಣಾ ಪುಸ್ತಕದಲ್ಲಿ 'ಉತ್ತಮ' ಎಂದು ಬರೆದ ಪುಟಕ್ಕೆ ಆಗಲೇ ಸಹಿಯಾಗಿತ್ತು, ತಿದ್ದಲಾಗಲಿಲ್ಲ. ಅಭ್ಯಾಸ ಬೋಧನೆ ಮುಗಿಯುವವರೆಗೂ ಆ ಹುಡುಗ ಮೂರನೇ ಹಲಗೆಯ ಮೇಲೆ ಏನಾದರೂ ಇಡುವ ಮೊದಲು ಬಗ್ಗಿ ಅದರ ಅಡಿಭಾಗ ನೋಡುತ್ತಿದ್ದ.