ಯೆಜ್ಡಿಯ ಕೊನೆಯ ಆಟ: ಶಿಕಾರಿಪುರದಿಂದ ಕಡಲಿಗೆ

ಬಸ್ಸಿಗೆ ಕಾಯುತ್ತಾ ಈ ಪುಟ ತಿರುಗಿಸುತ್ತಿರುವ ಮಿತ್ರರೇ, ನಡುಪುಟದ ನಾಯಕಿ ಎಲ್ಲಿಗೂ ಓಡಿಹೋಗುವುದಿಲ್ಲ, ಆಮೇಲೆ ನೋಡಬಹುದು. ಮೊದಲು ನಮ್ಮ ಜೊತೆ ಬೈಕ್ ಹತ್ತಿ. ಪೆಟ್ರೋಲು ನಮ್ಮದೇ!

ಶಿಕಾರಿಪುರದ ಮೂರು ಜನ ನಾವು. ಒಬ್ಬ ಅಣ್ಣಾವ್ರ ಭಕ್ತ. ಇನ್ನೊಬ್ಬ ಶಂಕ್ರಣ್ಣನ ಭಕ್ತ, ಆಟೋ ಓಡಿಸುತ್ತಾನೆ. ಹಿಂದುಗಡೆ ಶಂಕರ್‌ನಾಗ್ ಚಿತ್ರ ಇಲ್ಲದಿದ್ದರೆ ಆ ಆಟೋ ಸ್ಟಾರ್ಟೇ ಆಗೋದಿಲ್ಲ ಅಂತ ಅವನ ನಂಬಿಕೆ. ಮೂರನೆಯವನು ನಾನು. ಎಲ್ಲ ಪಿಕ್ಚರೂ ನೋಡುವವನು, ಯಾವ ಸಂಘಕ್ಕೂ ಚಂದಾ ಕೊಡದವನು. ಇವರಿಬ್ಬರ ಜಗಳಕ್ಕೆ ನಾನೇ ಸೆನ್ಸಾರ್ ಬೋರ್ಡು.

ಈ ಪ್ರವಾಸಕ್ಕೆ ಒಂದು ಕಾರಣವಿತ್ತು. ಅಣ್ಣಾವ್ರ ಭಕ್ತನ ತಂದೆ ಹಿಂದಿನ ವರ್ಷ ತೀರಿಕೊಂಡಿದ್ದರು. ಔಷಧಿ ಖರ್ಚಿನ ಸಾಲ ಉಳಿದಿತ್ತು. 1985ರಲ್ಲಿ ಅವರು ಕೊಂಡಿದ್ದ ಯೆಜ್ಡಿಗೆ ಒಬ್ಬ ಗಿರಾಕಿ ಸಿಕ್ಕಿದ್ದ. ಸೋಮವಾರ ದುಡ್ಡು, ಸೋಮವಾರವೇ ಗಾಡಿ. ಶುಕ್ರವಾರ ಸಂಜೆ ಟೀ ಅಂಗಡಿಗೆ ಬಂದ ಇವನು, "ಇದರ ಮೇಲೆ ಸಮುದ್ರಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಅಪ್ಪ ಹೇಳ್ತಾನೇ ಇದ್ರು ಕಣ್ರೋ. ಆಗಲೇ ಇಲ್ಲ. ನಾಳೆ ಹೋಗೋಣ್ವಾ?" ಅಂದ. ಇಲ್ಲ ಅನ್ನೋಕೆ ನಮಗೆ ಬಾಯಿ ಬರಲಿಲ್ಲ.

2025ರ ನವೆಂಬರ್ 8, ಶನಿವಾರ. ಹುಚ್ಚರಾಯಸ್ವಾಮಿಗೆ ಕೈಮುಗಿದು ಹೊರಟೆವು. ಯೆಜ್ಡಿ ಗೊತ್ತಲ್ಲ? ಮೈಸೂರಿನ ಕಾರ್ಖಾನೆಯ ಕೂಸು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಎರಡು ಸೈಲೆನ್ಸರು, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಕಿಕ್ ಹೊಡೆಯುವ ಕೋಲೇ ಗೇರು ಹಾಕುವ ಕೋಲೂ ಹೌದು. ಡಬಲ್ ಆಕ್ಟಿಂಗ್! ಹಿಂದೆ ಆಟೋದವನ ಹೊಸ ಬೈಕು, ಅದರ ಹಿಂಬದಿ ನಾನು, ನನ್ನ ಬೆನ್ನಿಗೆ ಬಾಡಿಗೆ ಟೆಂಟು.

ತಾಳಗುಂದದಲ್ಲಿ 'ಮಯೂರ'

ಶಿರಾಳಕೊಪ್ಪದಲ್ಲಿ ಇಡ್ಲಿ, ಉದ್ದಿನವಡೆ ಮುಗಿಸಿ ಬಳ್ಳಿಗಾವಿಗೆ ಬಂದೆವು. ಅಲ್ಲಮಪ್ರಭುವಿನ ಊರು. ಕೇದಾರೇಶ್ವರ ದೇವಸ್ಥಾನ, ಎತ್ತರದ ಗಂಡಭೇರುಂಡ ಕಂಬ ನೋಡಿ ಪಕ್ಕದ ತಾಳಗುಂದಕ್ಕೆ ನಡೆದೆವು ಅನ್ನಿ, ಅಂದರೆ ಬೈಕಿನಲ್ಲೇ!

ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಲ್ಲಿನ ಕಂಬ. ಸುಮ್ಮನೆ ನೋಡಿದರೆ ಬರೀ ಕಂಬ. ಆದರೆ ಅದರ ಮೇಲಿರೋದು ಮಯೂರನ ಕಥೆ. ಕದಂಬ ಶಾಂತಿವರ್ಮನ ಕಾಲದಲ್ಲಿ, ಐದನೇ ಶತಮಾನದಲ್ಲಿ, ಕುಬ್ಜ ಅನ್ನೋ ಕವಿ ಸಂಸ್ಕೃತದಲ್ಲಿ ಬರೆದದ್ದು. ಈ ಊರಿನ ಹುಡುಗ ಮಯೂರಶರ್ಮ ಗುರುವಿನ ಜೊತೆ ಓದೋಕೆ ಕಂಚಿಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗುತ್ತದೆ. ದರ್ಭೆ ಹಿಡಿದಿದ್ದ ಕೈ ಕತ್ತಿ ಹಿಡಿಯುತ್ತದೆ. ಅಲ್ಲಿಂದ ಕದಂಬ ರಾಜ್ಯ. ಓದೋಕೆ ಹೋದವನು ರಾಜನಾಗಿ ಬಂದ ಕಥೆ ಯಾವ ಚಿತ್ರಕಥೆಗೆ ಕಡಿಮೆ, ಹೇಳಿ?

ದೇವುಡು ಅವರ ಕಾದಂಬರಿಯಿಂದ ವಿಜಯ್ ನಿರ್ದೇಶಿಸಿದ 'ಮಯೂರ' ತೆರೆಗೆ ಬಂದದ್ದು 1975ರಲ್ಲಿ. ನಮ್ಮ ಗೆಳೆಯನ ತಂದೆಗೆ ಆಗ ಹನ್ನೆರಡು ವರ್ಷ. ಟೆಂಟಿನಲ್ಲಿ ನೆಲಕ್ಕೆ ಕೂತು ಐದು ಸಲ ನೋಡಿದ್ದರಂತೆ. ಇವನು ಕಂಬದ ಮುಂದೆ ಎಷ್ಟೋ ಹೊತ್ತು ನಿಂತ. "ಮನೆಯಿಂದ ಒಂದು ಗಂಟೆ ದಾರಿ. ಪಿಕ್ಚರ್ ಐದು ಸಲ ನೋಡಿದ ಅಪ್ಪ ಇಲ್ಲಿಗೆ ಒಂದು ಸಲಾನೂ ಬರಲಿಲ್ಲ" ಅಂದ. ಶಂಕ್ರಣ್ಣನ ಭಕ್ತ, ಯಾವತ್ತೂ ಬಾಯಿ ಮುಚ್ಚದವನು, ಅವತ್ತು ಮುಚ್ಚಿಕೊಂಡ.

ಅಣ್ಣಾವ್ರ ಬೀಗರ ತಾಲೂಕು

ಸೊರಬದಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ. ಸಿನಿಮಾದವರಿಗೆ ಈ ಸೀಮೆ ಹೊಸತಲ್ಲ. 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದ ಬಂಗಾರಪ್ಪನವರು ಈ ತಾಲೂಕಿನ ಕುಬಟೂರಿನವರು. ಅವರ ಮಗಳು ಗೀತಾ, ಶಿವಣ್ಣನನ್ನು ಮದುವೆಯಾದದ್ದು 1986ರಲ್ಲಿ. ಮಗ ಕುಮಾರ್ ಬಂಗಾರಪ್ಪ 1990ರ 'ಅಶ್ವಮೇಧ'ದ ನಾಯಕ. "ನೋಡ್ದಾ? ಅಣ್ಣಾವ್ರ ಬೀಗರೂರು! ರೊಟ್ಟಿ ಬಿಲ್ಲು ನೀನೇ ಕೊಡು" ಅಂತ ಆಟೋದವನ ಜೇಬಿಗೆ ಕೈ ಹಾಕಿದ ನಮ್ಮ ಭಕ್ತ. ಬೆಳಗಿನಿಂದ ಅವನು ನಕ್ಕದ್ದು ಅದೇ ಮೊದಲು.

ಇನ್ನೊಂದು ಮಾತು. ನಮ್ಮ ಚಿತ್ರರಂಗಕ್ಕೆ ಸ್ಯಾಂಡಲ್‌ವುಡ್ ಅಂತ ಹೆಸರಿಟ್ಟವರು ನಿಜವಾದ ಗಂಧ ನೋಡಬೇಕಾದರೆ ಸೊರಬ, ಸಾಗರಕ್ಕೇ ಬರಬೇಕು. ಗುಡಿಗಾರರ ಮನೆಗಳಲ್ಲಿ ಉಳಿ ಹಿಡಿದ ಕೈ ತಲೆತಲಾಂತರದಿಂದ ನಿಂತಿಲ್ಲ. ಅಂಗೈ ಅಗಲದ ತುಂಡಿನಲ್ಲಿ ಬಳ್ಳಿ, ಆನೆ, ನವಿಲು. ಬೆಲೆ ಕೇಳಿ ಮೂವರೂ ಮೂಸಿ ನೋಡಿ ವಾಪಸ್ ಕೊಟ್ಟೆವು. ಮೂಸೋದಕ್ಕೆ ಕಾಸಿಲ್ಲ!

ಸಮಯವಿದ್ದವರು ಗುಡವಿಯ ಕೆರೆಗೆ ಹೋಗಿ ಹಕ್ಕಿಗಳನ್ನೂ ನೋಡಬಹುದು. ನಮಗೆ ಕಡಲು ಕರೆಯುತ್ತಿತ್ತು.

ಜೋಗದಲ್ಲಿ ಇಂಟರ್‌ವಲ್

ಸಾಗರದಲ್ಲಿ ತೊಡೆದೇವು ತಿನ್ನದೆ ಮುಂದೆ ಹೋಗಬೇಡಿ. ಮಡಕೆ ಬೋರಲು ಹಾಕಿ, ಕೆಳಗೆ ಬೆಂಕಿಯಿಟ್ಟು, ಅಕ್ಕಿಹಿಟ್ಟನ್ನು ಕಬ್ಬಿನ ಹಾಲಲ್ಲಿ ಕಲಸಿ ಬಟ್ಟೆಯಲ್ಲಿ ಬಳಿದು ತೆಗೆಯುವ ತಿಂಡಿ. ಸಿನಿಮಾ ಪೋಸ್ಟರಿಗಿಂತ ತೆಳು.

ಸಾಗರದಿಂದ 30 ಕಿ.ಮೀ. ಜೋಗ. ರಾಜ, ರೋರರ್, ರಾಕೆಟ್, ರಾಣಿ. 253 ಮೀಟರ್ ಕೆಳಕ್ಕೆ ನಾಲ್ಕೂ ಧುಮುಕುವುದನ್ನು ನೋಡಲು ಮಳೆಗಾಲದಲ್ಲೇ ಬರಬೇಕು. ಮೇಲೆ ಲಿಂಗನಮಕ್ಕಿ ಅಣೆಕಟ್ಟು ನೀರು ಹಿಡಿದಿರುವುದರಿಂದ ಉಳಿದ ಕಾಲದಲ್ಲಿ ಧಾರೆ ಸಣ್ಣ. 2006ರ 'ಮುಂಗಾರು ಮಳೆ'ಯಲ್ಲಿ ಕಂಡ ಜೋಗವನ್ನು ನೆನೆದು ಹಲವರು ಬೇಸಿಗೆಯಲ್ಲಿ ಬಂದು ಬಂಡೆ ನೋಡಿ ಹೋಗುತ್ತಾರೆ, ಪಾಪ.

ಗೇರುಸೊಪ್ಪೆ ಘಾಟಿಯಲ್ಲಿ ಯೆಜ್ಡಿ ಕೆಮ್ಮಿತು. ನಿಂತಿತು. ಆಟೋದವನು ಪ್ಲಗ್ಗು ಬಿಚ್ಚಿದ, ಮಸಿಯೋ ಮಸಿ. ಬೆಂಕಿಪೊಟ್ಟಣದ ಬದಿಗೆ ಉಜ್ಜಿ ಹಾಕಿದ. ಒಂದೇ ಕಿಕ್! "ಮಾರೋಕೆ ಮನಸ್ಸಿಲ್ಲ ಅಂತ ಅದೇ ಹೇಳ್ತಾ ಇದೆ ಕಣೋ" ಅಂದ. ಗೆಳೆಯ ಉತ್ತರ ಕೊಡಲಿಲ್ಲ. ಸೀಟು ಒರೆಸಿ ಹತ್ತಿದ.

ಕಾಸರಕೋಡಿನ ರಾತ್ರಿ

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುತ್ತದೆ. ಸೇತುವೆ ದಾಟಿದರೆ ಕಾಸರಕೋಡು. ಅಲ್ಲಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲಾಗ್ ಗೌರವ ಸಿಕ್ಕಿತು. ಅಲ್ಲಿ ಟೆಂಟು ಹೊಡೆಯದೆ, ಸ್ವಲ್ಪ ದೂರದ ಮೀನುಗಾರರ ಮನೆಯೊಂದರ ತೆಂಗಿನ ತೋಟದಲ್ಲಿ ಅನುಮತಿ ಕೇಳಿ ಬಿಡಾರ ಹೂಡಿದೆವು.

ಗೆಳೆಯ ಬೈಕನ್ನು ಮರಳಂಚಿನವರೆಗೂ ತಳ್ಳಿಕೊಂಡು ಹೋಗಿ ಸ್ಟ್ಯಾಂಡ್ ಹಾಕಿದ. ಆಮೇಲೆ ಅಂಗಿ ಬಿಚ್ಚಿ ನೇರವಾಗಿ ನೀರಿಗೆ. ಸೊಂಟ, ಎದೆ... ಮನೆಯ ಅಜ್ಜಿ ಓಡಿ ಬಂದು ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. "ಅಲ್ಲಿ ಸೆಳೆತ ಉಂಟು! ಬಾ ಈಚೆ!" ನಾವಿಬ್ಬರೂ ನುಗ್ಗಿ ಕೈ ಹಿಡಿದು ಎಳೆದು ತಂದೆವು. ಅಜ್ಜಿ ಅವನನ್ನು ಬೈದಷ್ಟು ಯಾವ ಖಳನಾಯಕನೂ ನಾಯಕನನ್ನು ಬೈದಿಲ್ಲ.

ಮಿತ್ರರೇ, ಇದೊಂದು ನೆನಪಿಡಿ. 2024ರ ಡಿಸೆಂಬರಿನಲ್ಲಿ ಪಕ್ಕದ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಅಲೆ ಕಡಿಮೆ ಇರುವ ಜಾಗವೇ ಎಷ್ಟೋ ಸಲ ಸೆಳೆತದ ಜಾಗ. ಸಿಕ್ಕಿಕೊಂಡರೆ ದಡದ ಕಡೆಗೆ ಗುದ್ದಾಡಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತ ದಾಟಿ, ಆಮೇಲೆ ಈಚೆ ಬರಬೇಕು. ಈಜು ಬಾರದವರು ಮೊಣಕಾಲುದ್ದಕ್ಕೇ ನಿಲ್ಲಿ.

ರಾತ್ರಿ ಅದೇ ಅಜ್ಜಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿದರು. ತಡವಾಗಿ ಚಂದ್ರ ತೆಂಗಿನ ಮರಗಳ ಹಿಂದೆ ಎದ್ದ. ಗೆಳೆಯ ಮೆಲ್ಲಗೆ ಅಂದ: "ಸಾಯೋಕೆ ಹೋಗಿರಲಿಲ್ಲ ಕಣ್ರೋ. ಅಪ್ಪ ಜೊತೆಗಿದ್ರೆ ಎಷ್ಟು ದೂರ ಹೋಗ್ತಿದ್ರು ಅಂತ ನೋಡ್ತಿದ್ದೆ." ಯಾರಿಗೂ ಮಾತಿಲ್ಲ. ಅಲೆಗಳದ್ದೇ ಹಿನ್ನೆಲೆ ಸಂಗೀತ.

ಭಾನುವಾರ ಬೆಳಗ್ಗೆ ಆಟೋದವನು ನಮ್ಮನ್ನು ಒದ್ದು ಎಬ್ಬಿಸಿದ. ನವೆಂಬರ್ 9! 1954ರ ಇದೇ ದಿನ ಶಂಕ್ರಣ್ಣ ಹುಟ್ಟಿದ್ದು, ಅದೂ ಈ ಹೊನ್ನಾವರ ಸೀಮೆಯಲ್ಲೇ! ಮರಳಿನಲ್ಲಿ ದೊಡ್ಡದಾಗಿ ಹೆಸರು ಬರೆದು ತೆಂಗಿನಕಾಯಿ ಒಡೆದ. ಅಣ್ಣಾವ್ರ ಭಕ್ತನೂ ಕೈಮುಗಿದ. ಸೆನ್ಸಾರ್ ಬೋರ್ಡು ಒಂದೂ ಕಟ್ ಇಲ್ಲದೆ ಪಾಸು ಮಾಡಿತು.

ಹೊರಡುವಾಗ ಗೆಳೆಯ ಯೆಜ್ಡಿ ಕೀಲಿ ನನ್ನ ಕೈಗಿಟ್ಟ. "ನೀನು ಓಡಿಸು. ನಾನು ಹಿಂದೆ ಕೂತ್ಕೋತೀನಿ. ಚಿಕ್ಕವನಿದ್ದಾಗ ಹಂಗೇ ಕೂತಿದ್ದು." ಘಾಟಿ ಹತ್ತಿ ಮುಗಿಯುವವರೆಗೂ ಅವನ ಎರಡು ಕೈಗಳು ನನ್ನ ಸೊಂಟ ಬಿಡಲಿಲ್ಲ.

ಸೋಮವಾರ ಗಿರಾಕಿ ಬಂದ. ಗಾಡಿ ಕೊಟ್ಟೆವು. ಸಾಲ ತೀರಿತು. ಕೊಂಡವನಿಗೆ ಗೆಳೆಯ ಹೇಳಿದ್ದು ಒಂದೇ ಮಾತು: "ಘಾಟಿಯಲ್ಲಿ ಕೆಮ್ಮಿದ್ರೆ ಬೈಬೇಡಿ ಸಾರ್, ಪ್ಲಗ್ಗು ಒರೆಸಿ, ಬರುತ್ತೆ."