ಕಡಾಣಿ

ಜೀವಮಾನವೆಲ್ಲ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ವಿಶ್ರಾಂತಿಪಡೆದ ಉಪಾಧ್ಯಾಯನಿಗೆ, ಟ್ರ್ಯಾಕ್ಟರು ಟ್ರೇಲರುಗಳ ವಿಷಯವಾಗಿ ಲೇಖನವನ್ನು ಬರೆಯುವ ಅಧಿಕಾರವೆಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ನಾನು ಮಾಡಿದ ಒಂದು ಪ್ರಮಾದವೇ ನನಗೆ ಆ ಅಧಿಕಾರವನ್ನು ಕೊಟ್ಟಿದೆ. ಅದನ್ನು ಮುಚ್ಚಿಟ್ಟುಕೊಂಡರೆ ನನಗೊಬ್ಬನಿಗೆ ಮಾನ ಉಳಿಯುವುದು. ಹೇಳಿದರೆ ನಾಲ್ಕು ಮನೆಯವರಿಗಾದರೂ ಉಪಯೋಗವಾದೀತು. ಆದಕಾರಣ ಹೇಳುತ್ತೇನೆ.

ನಮ್ಮದು ಬೇಲೂರು ತಾಲ್ಲೂಕಿನ ಬಿಕ್ಕೋಡು. ಹಿರಿಯರಿಂದ ಬಂದ ಅಲ್ಪಸ್ವಲ್ಪ ಕಾಫಿಯ ತೋಟವಿದೆ. ಈ ಸೀಮೆಯಲ್ಲಿ ಕಾಫಿಯ ಹಣ್ಣು ಕಣದಲ್ಲಿ ಒಣಗಿದ ಮೇಲೆ ಬೆಳೆಗಾರನಿಗೆ ನಿದ್ರೆಯಿಲ್ಲ. ಅಕಾಲದ ಮೋಡವೊಂದು ಕಾಣಿಸಿಕೊಂಡರೆ ಎದೆ ಹಾರುತ್ತದೆ. ಸಂಜೆಯಾದರೆ ಕಾಡಾನೆಗಳ ಸುಳಿವು ಎಲ್ಲಿದೆಯೆಂದು ವಿಚಾರಿಸದೆ ಯಾರೂ ದಾರಿಗಿಳಿಯುವುದಿಲ್ಲ. 2024ನೆಯ ಇಸವಿಯ ಫೆಬ್ರವರಿಯಲ್ಲಿ ನಲವತ್ತು ಮೂಟೆ ಕಾಫಿಯನ್ನು ಬೇಲೂರಿಗೆ ಸಾಗಿಸಬೇಕಾಗಿದ್ದಿತು. ಮೂಟೆಗೆ 50 ಕಿಲೋಗ್ರಾಮಿನಂತೆ ಒಟ್ಟು 2 ಟನ್ನು. ನೆರೆಯವರೊಬ್ಬರ ಟ್ರ್ಯಾಕ್ಟರನ್ನೂ ಎರಡು ಚಕ್ರದ ಟ್ರೇಲರನ್ನೂ ಬಾಡಿಗೆಗೆ ಗೊತ್ತುಮಾಡಿದೆನು. ಹೊತ್ತು ಮುಳುಗುವುದರೊಳಗೆ ಊರು ಬಿಡಬೇಕೆಂದು ನನ್ನ ಆತುರ.

ಮೂಟೆಗಳನ್ನು ಹೇರುವವರು ಹಿಂದಿನ ಬಾಗಿಲಿನಿಂದ ಹೇರುತ್ತಾರಷ್ಟೆ. ಮುಂದಿನವರೆಗೆ ಹೊತ್ತು ನಡೆಯುವ ಶ್ರಮವೇಕೆಂದು ಬಾಗಿಲ ಸಮೀಪದಲ್ಲಿಯೇ ಮೂಟೆಯ ಮೇಲೆ ಮೂಟೆ ಒಟ್ಟಿದರು. ಆಗ ನಮ್ಮ ಜಗಲಿಯ ಮೇಲೆ ಒಬ್ಬ ವೃದ್ಧರು ಕುಳಿತಿದ್ದರು. ಎಂಬತ್ತನ್ನು ದಾಟಿದ ವಯಸ್ಸು. ಯೌವನದಲ್ಲಿ ಎತ್ತಿನ ಗಾಡಿ ಹೊಡೆದು ಸಂಸಾರ ಸಾಕಿದವರು. ಅವರು ಒಂದು ಸಲ ನೋಡಿ ಹೇಳಿದರು:

“ಮೇಷ್ಟ್ರೇ, ಹಿಂಭಾರ ಆಗೈತೆ. ಮೂಕಿ ಮೇಲಕ್ಕೆ ಎತ್ತುತೈತೆ. ಹತ್ತು ಮೂಟೆ ಮುಂದಕ್ಕೆ ಹಾಕ್ಸಿ.”

ನಾನು ನಕ್ಕು, “ಇದು ಎತ್ತಿನ ಗಾಡಿಯಲ್ಲ ಅಜ್ಜಾ, ಡೀಸೆಲ್ ಎಂಜಿನ್ನು; ಎಳೆದುಕೊಂಡು ಹೋಗುತ್ತದೆ” ಎಂದೆನು. ಅವರು ಮತ್ತೆ ಮಾತನಾಡಲಿಲ್ಲ. ಅವರ ಮೊಮ್ಮಗನೇ, ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದ ಹುಡುಗನು, ರಜೆಯ ದಿನದ ಕೂಲಿಗೆಂದು ಬಂದಿದ್ದವನು, ಮೂಟೆಗಳ ಮೇಲೆ ಹತ್ತಿ ಕುಳಿತನು. ಬೇಡವೆಂದು ನಾನು ಹೇಳಬೇಕಾಗಿದ್ದಿತು, ಹೇಳಲಿಲ್ಲ. ಬೇಲೂರಿನಲ್ಲಿ ಇಳಿಸುವುದಕ್ಕೆ ಒಬ್ಬ ಆಳು ಉಳಿಯಿತೆಂದು ಲೆಕ್ಕಹಾಕಿದೆನು.

ನಾನು ಹಿಂದಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದೆನು. ಊರು ಬಿಟ್ಟು ಸ್ವಲ್ಪ ದೂರದಲ್ಲಿ ಒಂದು ಏರು. ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಚಕ್ರಗಳು ನೆಲ ಕಚ್ಚದೆ ಜಾರಿದುದನ್ನು ಕಂಡೆನು. ಮತ್ತೊಂದು ಕ್ಷಣದಲ್ಲಿ ಟ್ರೇಲರಿನ ಮೂಕಿ ಆಕಾಶಕ್ಕೆ ಎದ್ದಿತು. ಹಿಂಭಾಗವು ರಸ್ತೆಗೆ ಬಡಿದು ಉಜ್ಜಿಕೊಂಡು ಹಿಂದಕ್ಕೆ ಸರಿದು, ಒಂದು ಚಕ್ರ ಚರಂಡಿಗಿಳಿದು ನಿಂತಿತು. ಬಾಗಿಲು ಕಿತ್ತು ಮೂಟೆಗಳು ಉರುಳಿದವು. ಅವುಗಳೊಡನೆ ಹುಡುಗನೂ ಉರುಳಿದನು. ನನ್ನ ಕೈಕಾಲುಗಳಲ್ಲಿ ಶಕ್ತಿಯೇ ಉಳಿಯಲಿಲ್ಲ. ದೈವಕೃಪೆಯಿಂದ ಅವನು ಎದ್ದು ಕುಳಿತನು. ಆದರೆ ಬಲಗೈಯ ಮಣಿಕಟ್ಟು ಮುರಿದಿದ್ದಿತು. ಪರೀಕ್ಷೆಗೆ ಹದಿನೈದು ದಿನಗಳೂ ಇರಲಿಲ್ಲ.

ಆಮೇಲೆ ನೋಡಿದರೆ ಕಾರಣವು ಬಹು ಸುಲಭವಾದುದು. ಟ್ರ್ಯಾಕ್ಟರಿನ ಕೊಂಡಿಯೊಳಗೆ ಟ್ರೇಲರಿನ ಮೂಕಿಯ ಬಳೆಯನ್ನಿಟ್ಟು ಮೇಲಿನಿಂದ ಒಂದು ಕಬ್ಬಿಣದ ಗೂಟವನ್ನು ಇಳಿಸುತ್ತಾರೆ. ಆ ಗೂಟ ಮೇಲಕ್ಕೆದ್ದು ಬಾರದಂತೆ ಕೆಳತುದಿಯ ತೂತಿನಲ್ಲಿ ಒಂದು ಸಣ್ಣ ಕೀಲಿರಬೇಕು. ನಮ್ಮ ಗೂಟದಲ್ಲಿ ಕೀಲಿಗೆ ಬದಲಾಗಿ ಒಂದು ತುಂಡು ತಂತಿಯನ್ನು ಸುತ್ತಿದ್ದಿತು. ಭಾರವೆಲ್ಲ ಅಚ್ಚಿನ ಹಿಂದೆ ಬಿದ್ದುದರಿಂದ ಮೂಕಿಯು ಕೊಂಡಿಯನ್ನು ಕೆಳಕ್ಕೆ ಒತ್ತುವುದಕ್ಕೆ ಬದಲಾಗಿ ಮೇಲಕ್ಕೆತ್ತುತ್ತಿದ್ದಿತು. ಏರಿನಲ್ಲಿ ಭಾರ ಇನ್ನೂ ಹಿಂದಕ್ಕೆ ವಾಲಿತು. ಎಂಜಿನ್ನಿಗೆ ಬಲವಿದ್ದರೂ ಟ್ರ್ಯಾಕ್ಟರಿನ ಹಿಂಚಕ್ರಗಳು ಹಗುರವಾಗಿ ಹಿಡಿತ ತಪ್ಪಿದವು. ತಂತಿ ಹರಿಯಿತು, ಗೂಟ ಹಾರಿತು. ಎರಡು ಟನ್ನಿನ ಭಾರವೂ ಒಂದು ಪ್ರಾಣವೂ ಒಂದು ಗೇಣು ತಂತಿಯನ್ನು ನಂಬಿ ಹೊರಟಿದ್ದವು.

ಇದರಲ್ಲಿ ನನಗೆ ಹೆಚ್ಚಾಗಿ ನಾಚಿಕೆ ತಂದ ಸಂಗತಿ ಬೇರೊಂದಿದೆ. ಎಷ್ಟೋ ವರ್ಷ ನಾನು ಮಕ್ಕಳಿಗೆ ಅಮರಕೋಶದ ರಥಾಂಗಗಳನ್ನು ಬಾಯಿಪಾಠ ಮಾಡಿಸಿದವನು. ಚಕ್ರದ ಅಂಚು ನೇಮಿ, ನಡುವಿನ ಗುಂಬ ನಾಭಿ, ಅಚ್ಚಿನ ತುದಿಯ ಕೀಲು ಅಣಿ. ಅದನ್ನು ಆಣಿಯೆಂದೂ ಹೇಳುವುದುಂಟು; ನಮ್ಮ ಗಾಡಿಯವರ ಕಡಾಣಿಯಲ್ಲಿ ಕೇಳಿಬರುವುದೂ ಆ ಆಣಿಯೇ. ಶಬ್ದವು ನನ್ನ ನಾಲಗೆಯ ತುದಿಯಲ್ಲಿದ್ದಿತು. ವಸ್ತುವನ್ನು ನಾನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಹರಿಕಥೆಗಳಲ್ಲಿ ನಾವೆಲ್ಲ ಕೇಳಿರುವ ಪ್ರಸಂಗವೊಂದುಂಟು: ಯುದ್ಧಮಧ್ಯದಲ್ಲಿ ದಶರಥನ ರಥದ ಕಡಾಣಿ ಬಿದ್ದುಹೋಗಲು ಕೈಕೇಯಿಯು ತನ್ನ ಬೆರಳನ್ನೇ ಇಟ್ಟು ಚಕ್ರವನ್ನು ಉಳಿಸಿದಳಂತೆ. ವಾಲ್ಮೀಕಿಯಲ್ಲಿ ಅವಳು ಗಾಯಗೊಂಡ ಪತಿಯನ್ನು ರಣದಿಂದಾಚೆಗೆ ಕರೆದೊಯ್ದು ಕಾಪಾಡಿದಳೆಂದಿದೆಯೇ ಹೊರತು ಬೆರಳಿನ ಮಾತಿಲ್ಲ. ಆದರೆ ಜನರು ಕಟ್ಟಿಕೊಂಡ ಕಥೆಯಲ್ಲಿ ಗಾಡಿಯವನ ಅನುಭವವಿದೆ. ಹೊರಡುವ ಮುನ್ನ ರಥದ ಕೀಲನ್ನು ನೋಡುವವನೊಬ್ಬನಿದ್ದಿದ್ದರೆ ಆ ಎರಡು ವರಗಳೂ ಇರುತ್ತಿರಲಿಲ್ಲ, ವನವಾಸವೂ ಇರುತ್ತಿರಲಿಲ್ಲವೆಂದು ಈಗ ನನಗೆ ತೋರುತ್ತದೆ.

ಅನಂತರ ಈ ವಿಷಯವನ್ನು ಕೇಳಿಯೂ ಓದಿಯೂ ತಿಳಿದುಕೊಂಡೆನು. ಹಿಂದಿನ ಗಾಡಿಯನ್ನು ಮುಂದಿನದಕ್ಕೆ ಜೋಡಿಸುವ ವಿದ್ಯೆಯು ದೇಶದೇಶಗಳಲ್ಲಿ ಬೆಳೆದಿದೆ. 1914ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರನು, ಮರದ ವ್ಯಾಪಾರಿಯೊಬ್ಬನ ವಿಹಾರದ ದೋಣಿಯನ್ನು ಸಾಗಿಸಲು ಫೋರ್ಡ್ ಮೋಟಾರಿನ ಹಿಂದೆ ಒಂದು ಗಾಡಿಯನ್ನು ಕಟ್ಟಿದನು. ಇಂದು ಸಕಲೇಶಪುರದ ಮೂಲಕ ಶಿರಾಡಿ ಘಾಟಿಯನ್ನು ಇಳಿಯುವ ಉದ್ದನೆಯ ಟ್ರೇಲರು ಲಾರಿಗಳು ಆ ವಂಶದವೇ. ಅವುಗಳ ಹಿಂಗಾಡಿಯ ಮುಂಭಾಗವು ಲಾರಿಯ ಬೆನ್ನಮೇಲಿರುವ ಒಂದು ದುಂಡು ತಟ್ಟೆಯ ಮೇಲೆ ಕುಳಿತು ತಿರುಗುತ್ತದೆ. ಹಿಂದೆ ಕುದುರೆಯ ಸಾರೋಟುಗಳ ಮುಂದಿನ ಅಚ್ಚಿನ ಮೇಲೆ ಮಲಗಿಸಿದ್ದ ತಿರುಗುಬಳೆಗೆ ಐದನೆಯ ಚಕ್ರವೆಂಬ ಹೆಸರಿದ್ದಿತು. ಆ ಹೆಸರೇ ಈ ತಟ್ಟೆಗೂ ಉಳಿದುಬಂದಿದೆ.

ಅಮೆರಿಕದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ನನ್ನ ಕಥೆಯನ್ನು ಕೇಳಿ ಕೆಲವು ಚಿತ್ರಗಳನ್ನು ಕಳುಹಿಸಿದನು. ಅಲ್ಲಿ ಸಂಸಾರಸಮೇತ ವಿಹಾರಕ್ಕೆ ಹೊರಡುವವರು ಒಂದು ಮನೆಯನ್ನೇ ಡೀಸೆಲ್ ಪಿಕಪ್ಪಿನ ಹಿಂದೆ ಎಳೆದುಕೊಂಡು ಹೋಗುತ್ತಾರೆ. ಮುಂದೆ ಮಲಗುವ ಕೋಣೆ, ನಡುವೆ ಅಡಿಗೆಯ ಮನೆ, ಹಿಂದೆ ಮೋಟಾರು ಸೈಕಲ್ಲುಗಳನ್ನು ನಿಲ್ಲಿಸುವ ಕೊಟ್ಟಿಗೆ! ನೋಡಿ ನಗುವೂ ಬಂದಿತು, ಬೆರಗೂ ಆಯಿತು. ಆದರೆ ಅವನು ಬರೆದ ವಿವರವನ್ನು ಓದಿದ ಮೇಲೆ ನಗು ನಿಂತಿತು. ಕೊಂಡಿಯು ಪಿಕಪ್ಪಿನ ಬಾಲಕ್ಕಿರದೆ ಅದರ ಹಿಂದಿನ ಅಚ್ಚಿನ ನೇರಕ್ಕೆ ಇರುವುದರಿಂದ ಹಿಂಗಾಡಿಯ ಓಲಾಟವು ಕಡಿಮೆ. ಮನೆಯ ಒಟ್ಟು ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಪಿಕಪ್ಪಿನ ಬೆನ್ನಮೇಲೆ ಬೀಳಬೇಕು. ಬಾಲಕ್ಕೆ ಕಟ್ಟುವ ಸಾಧಾರಣ ಟ್ರೇಲರಾದರೆ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲಿರಬೇಕು. ಹಿಂದಿನ ಕೊಟ್ಟಿಗೆಯಲ್ಲಿ ಮಿತಿಮೀರಿ ತುಂಬಿದರೆ ಈ ಲೆಕ್ಕ ಕೆಡುತ್ತದೆ. ಅಂತಹ ಮನೆಗಳ ಚಕ್ರಗಳಿಗೆ ಪ್ರತ್ಯೇಕವಾಗಿ ಬ್ರೇಕುಗಳಿವೆ. ಅಕಸ್ಮಾತ್ತಾಗಿ ಕಳಚಿಕೊಂಡರೆ ಒಂದು ಹುರಿ ಸೆಳೆದು ಬ್ರೇಕು ತಾನಾಗಿಯೇ ಬೀಳುವ ಏರ್ಪಾಡೂ ಇದೆ. ಇಷ್ಟೆಲ್ಲ ಓದಿ ಮುಗಿಸಿದಾಗ, ಜಗಲಿಯ ಮೇಲಿನ ವೃದ್ಧರು “ಹಿಂಭಾರ” ಎಂಬ ಒಂದೇ ಮಾತಿನಲ್ಲಿ ಇದರ ಅರ್ಧವನ್ನು ಹೇಳಿ ಮುಗಿಸಿದ್ದರೆಂಬುದು ನನಗೆ ಹೊಳೆಯಿತು. ಗಾಡಿಯವನು ಭಾರವನ್ನು ಅಚ್ಚಿನಿಂದ ತುಸುವೇ ಮುಂದಕ್ಕೆ ಹೇರಿ ನೊಗದ ಮೇಲೆ ಸ್ವಲ್ಪ ತೂಕ ನಿಲ್ಲಿಸುತ್ತಿದ್ದನು. ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುವುದು, ಕಡಿಮೆಯಾದರೆ ನೊಗವು ಕೊರಳಿಗೆ ಎದ್ದು ಎತ್ತು ತಬ್ಬಿಬ್ಬಾಗುವುದು.

ಅಪಘಾತವಾದ ರಾತ್ರಿ ನಾನು ಅವರ ಮನೆಗೆ ಹೋದೆನು. ಬೈಗಳನ್ನು ನಿರೀಕ್ಷಿಸಿದ್ದೆನು. ಅವರು ಚಾಪೆ ಹಾಸಿ ಕೂರಿಸಿ, “ಕೀಲು ಇತ್ತಾ, ಮೇಷ್ಟ್ರೇ?” ಎಂದು ಮಾತ್ರ ಕೇಳಿದರು. ಇರಲಿಲ್ಲವೆಂದೆನು. ತಲೆಯಾಡಿಸಿ ಸುಮ್ಮನಾದರು. ಆ ಮೌನವನ್ನು ಸಹಿಸುವುದು ಕಷ್ಟವಾಯಿತು.

ಚಿಕಿತ್ಸೆಯ ವೆಚ್ಚವನ್ನು ನಾನು ಕೊಟ್ಟೆನು. ಅದು ದೊಡ್ಡ ಮಾತಲ್ಲ. ಮಾರ್ಚಿಯ ಪರೀಕ್ಷೆಗೆ ಹುಡುಗನಿಗೆ ಕುಳಿತುಕೊಳ್ಳಲಾಗಲಿಲ್ಲ. ಆ ವರ್ಷದಿಂದ ಪಿ.ಯು.ಸಿ.ಗೆ ಮೂರು ಪರೀಕ್ಷೆಗಳ ಕ್ರಮ ಜಾರಿಗೆ ಬಂದುದು ನಮ್ಮ ಪುಣ್ಯ. ಏಪ್ರಿಲ್ ಕೊನೆಯಲ್ಲಿ ಎರಡನೆಯ ಪರೀಕ್ಷೆಯಿದ್ದಿತು. ಅಲ್ಲಿಯವರೆಗೆ ಪ್ರತಿ ಸಂಜೆಯೂ ನಾನೇ ಅವರ ಮನೆಗೆ ಹೋಗಿ ಪಾಠಗಳನ್ನು ಓದಿ ಹೇಳಿದೆನು. ಬರೆಯಲಾರದವನು ಕೇಳಿ ಮನನಮಾಡಿದನು. ವೃದ್ಧರು ಮೂಲೆಯಲ್ಲಿ ಕುಳಿತು ಕೇಳುತ್ತಿದ್ದರು. ಒಂದು ಸಂಜೆ ಮಾತಿನ ನಡುವೆ ಅಮರಕೋಶದ ಅಣಿಯೆಂಬ ಶಬ್ದವನ್ನು ವಿವರಿಸಿದಾಗ ಅವರು ಮೊದಲ ಬಾರಿಗೆ ನಕ್ಕು, “ನಮ್ಮ ಕಡಾಣಿನೇ ಅನ್ನಿ” ಎಂದರು. ನನ್ನ ಎದೆಯ ಮೇಲಿನ ಭಾರ ಅಂದು ಸ್ವಲ್ಪ ಇಳಿಯಿತು. ಹುಡುಗನು ಪರೀಕ್ಷೆಯಲ್ಲಿ ತೇರ್ಗಡೆಯಾದನು. ಕೈಯೂ ಕೂಡಿತು, ಮಳೆಗಾಲದಲ್ಲಿ ಮಾತ್ರ ನೋಯುತ್ತದೆಯಂತೆ.

ಈಗ ನಮ್ಮ ಮನೆಯಿಂದ ಗಾಡಿ ಹೊರಡಬೇಕಾದರೆ ಕೆಲವು ನಿಯಮಗಳಿವೆ. ಹತ್ತು ಮೂಟೆಯಲ್ಲಿ ಆರು ಅಚ್ಚಿನಿಂದ ಮುಂದಿರಬೇಕು. ಗೂಟವೂ ಕೀಲೂ ನನ್ನ ಕೈಗೆ ಸಿಕ್ಕ ಹೊರತು ಎಂಜಿನ್ನು ಚಾಲೂ ಆಗಕೂಡದು. ಕೊಂಡಿಯ ಜೊತೆಗೆ ಒಂದು ಸರಪಣಿಯೂ ಇರಬೇಕು. ಇಳಿಜಾರಿಗೆ ಮುಂಚೆಯೇ ಕೆಳಗಿನ ಗೇರಿಗೆ ಬರಬೇಕು. ಎಣ್ಣೆ ಉಳಿಸುವ ಆಸೆಗೆ ನ್ಯೂಟ್ರಲಿನಲ್ಲಿ ಬಿಡಕೂಡದು. ಬೇಲೂರಿನ ರಥೋತ್ಸವವನ್ನು ನೋಡಿದವರಿಗೆ ಗೊತ್ತು: ಹಗ್ಗ ಹಿಡಿದು ಎಳೆಯುವವರು ಸಾವಿರ ಮಂದಿ, ತೇರನ್ನು ನಿಲ್ಲಿಸುವವರು ಚಕ್ರದ ಬದಿಯಲ್ಲಿ ಮರದ ತುಂಡು ಹಿಡಿದ ಕೆಲವರೇ. ಅಂತಹ ಎರಡು ತುಂಡುಗಳು ನಮ್ಮ ಟ್ರೇಲರಿನಲ್ಲಿ ಸದಾ ಇರುತ್ತವೆ. ಮೂಟೆಯ ಮೇಲೆ ಮನುಷ್ಯರು ಕೂರುವುದಂತೂ ಇಲ್ಲವೇ ಇಲ್ಲ.

ಕಳೆದ ಸುಗ್ಗಿಯಲ್ಲಿ ಹೇರಿದ ಗಾಡಿಯನ್ನು ನೋಡಲು ವೃದ್ಧರನ್ನು ನಾನೇ ಕರೆದುಕೊಂಡು ಬಂದೆನು. ಅವರು ಕೋಲೂರಿಕೊಂಡು ಸುತ್ತ ನಡೆದು, ಮೂಕಿಯನ್ನು ಕೈಯಿಂದ ಒಮ್ಮೆ ಅದುಮಿ, “ಇನ್ನೆರಡು ಮೂಟೆ ಮುಂದಕ್ಕೆ” ಎಂದರು. ಹೊತ್ತಾಗಿದ್ದಿತು, ಮೋಡವೂ ಕಟ್ಟಿದ್ದಿತು. ಆದರೂ ಮೂಟೆಗಳನ್ನು ಮುಂದಕ್ಕೆ ಹಾಕಿಸಿಯೇ ಗಾಡಿಯನ್ನು ಕಳುಹಿಸಿದೆನು.