ಮುಂಗಂಡವರು ಮತ್ತು ಹೊರಟವರು

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ, ಸುಮಾರು ಕ್ರಿ.ಶ. 600ರದೆಂದು ವಿದ್ವಾಂಸರು ಗುರುತಿಸುವ ಶಾಸನವೊಂದರಲ್ಲಿ ಪ್ರಯಾಣದ ನಿರ್ಧಾರವೊಂದು ದಾಖಲಾಗಿದೆ. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಗಳು ಅಷ್ಟಾಂಗ ಮಹಾನಿಮಿತ್ತದ ಬಲದಿಂದ 12 ವರ್ಷಗಳ ವಿಪತ್ತನ್ನು ಮುಂಗಂಡರು. ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತು. ಇದನ್ನು ಪಾಠ ಮಾಡುವಾಗ ನಾವು ಈ ಭದ್ರಬಾಹು ಯಾರು, ಚಂದ್ರಗುಪ್ತ ಯಾರು ಎಂಬ ಚರ್ಚೆಗೇ ತೊಡಗುತ್ತೇವೆ. ಮುನ್ಸೂಚನೆ ತಿಳಿದ ಮೇಲೆ ಹೊರಡುವುದೋ ನಿಲ್ಲುವುದೋ ಎಂಬ ಪ್ರಶ್ನೆ ನನ್ನನ್ನು ತಟ್ಟಿದ್ದು ಕಳೆದ ಜನವರಿಯಲ್ಲಿ, ದೆಹಲಿಗೆ ವಿಮಾನದ ಟಿಕೆಟ್ ಕಾಯ್ದಿರಿಸಲು ಕುಳಿತಾಗ.

ಹವಾಮಾನ ಇಲಾಖೆ ಆ ವಾರವೆಲ್ಲ ದಟ್ಟ ಮಂಜೆಂದು ಎಚ್ಚರಿಸಿತ್ತು. ದೆಹಲಿಯ ಓಡುದಾರಿಯಲ್ಲಿ ಗೋಚರತೆ 50 ಮೀಟರಿಗೆ ಇಳಿದರೂ ವಿಮಾನವನ್ನು ಇಳಿಸುವ ಉಪಕರಣಗಳಿವೆ. ಆದರೆ ವಿಮಾನವೂ ಪೈಲಟ್ಟೂ ಅದಕ್ಕೆ ಅರ್ಹರಾಗಿರಬೇಕು. ಮೇಲೇರಲು ಇನ್ನೂ ಹೆಚ್ಚಿನ ಗೋಚರತೆ ಬೇಕು. ಬಂದವು ಹೊರಡಲಾರದೆ ನಿಲ್ಲುತ್ತವೆ, ಬರಬೇಕಾದವು ಜೈಪುರಕ್ಕೋ ಲಖನೌಗೋ ತಿರುಗುತ್ತವೆ. ಒಂದೇ ವಿಮಾನ ದಿನಕ್ಕೆ ನಾಲ್ಕಾರು ಊರು ಸುತ್ತುವುದರಿಂದ ದೆಹಲಿಯ ಬೆಳಗಿನ ಮಂಜು ಸಂಜೆಯ ಹೊತ್ತಿಗೆ ಬೆಂಗಳೂರಿನ ನಿರ್ಮಲ ಆಕಾಶದ ಕೆಳಗೂ ಜನರನ್ನು ಕಾಯಿಸುತ್ತದೆ. ರೈಲಿನಲ್ಲಿ ಹೋದರೆ ಎರಡು ರಾತ್ರಿ. ಮಂಜು ಅದನ್ನೂ ಬಿಡುವುದಿಲ್ಲ. ನನಗಿದ್ದುದು ನಾಲ್ಕು ದಿನಗಳ ರಜೆ.

ದೆಹಲಿಯಲ್ಲಿ ಮಗಳ ಮನೆಯಲ್ಲಿರುವ ನನ್ನ ಗುರುಗಳಿಗೆ 87 ವರ್ಷ. ವಡ್ಡಾರಾಧನೆಯ ಪದಗಳನ್ನು ಕುರಿತು ದಶಕಗಳ ಕಾಲ ಬರೆದಿಟ್ಟ ಚೀಟಿಗಳನ್ನು ನನಗೆ ಒಪ್ಪಿಸಬೇಕೆಂಬುದು ಅವರ ಆಸೆ. ಚೀಟಿಗಳನ್ನು ಕೊರಿಯರ್‌ನಲ್ಲಿ ತರಿಸಬಹುದು. ಆದರೆ ಅಂಚುಗಳಲ್ಲಿ ಅವರು ಹಾಕಿಕೊಂಡ ಗುರುತುಗಳನ್ನು ಬಿಡಿಸಬಲ್ಲವರು ಅವರೊಬ್ಬರೇ, ಮತ್ತು ಅವರ ನೆನಪು ಈಚೆಗೆ ಬೆಳಗಿನ ಹೊತ್ತು ಮಾತ್ರ ತಿಳಿಯಾಗಿರುತ್ತದೆ.

"ಬೇಸಗೆ ರಜೆಯಲ್ಲಿ ಬರಲೇ ಸರ್?" ಎಂದು ಫೋನಿನಲ್ಲಿ ಕೇಳಿದೆ.

"ಬಾರಯ್ಯ. ಆಗ ಚೀಟಿಯಂತೂ ಇರುತ್ತೆ" ಎಂದರು.

ವಡ್ಡಾರಾಧನೆಯ ಕಥೆಯಲ್ಲಿ ಭದ್ರಬಾಹು ಕಳ್ಬಪ್ಪಿಗೆ ಬರುತ್ತಾರೆ. ಹರಿಷೇಣನ ಬೃಹತ್ಕಥಾಕೋಶದಲ್ಲಿ (ಕ್ರಿ.ಶ. 931) ಹಾಗಲ್ಲ: ತನ್ನ ಆಯುಷ್ಯ ಅಲ್ಪವೆಂದು ತಿಳಿದ ಆಚಾರ್ಯರು ಸಂಘವನ್ನು ದಕ್ಷಿಣಕ್ಕೆ ಕಳುಹಿಸಿ, ತಾವು ಉಜ್ಜಯಿನಿಯ ಸೀಮೆಯಲ್ಲಿಯೇ ಉಳಿದು ದೇಹ ತ್ಯಜಿಸುತ್ತಾರೆ. ಈ ಭೇದವನ್ನು ಆಕರಗಳ ಭೇದವೆಂದಷ್ಟೇ ಬೋಧಿಸುತ್ತ ಬಂದಿದ್ದೇವೆ, ಅದು ತಪ್ಪಲ್ಲ. ಆದರೆ ಹರಿಷೇಣನ ಕಥೆಯಲ್ಲಿ ಮುನ್ಸೂಚನೆ ಎಲ್ಲರಿಗೂ ಒಂದೇ, ನಿರ್ಧಾರ ಮಾತ್ರ ಎರಡು. ಯಾರನ್ನು ಕಳುಹಿಸಬೇಕು, ಯಾರು ಉಳಿಯಬೇಕು ಎಂಬುದನ್ನು ಅಲ್ಲಿ ತೀರ್ಮಾನಿಸಿದ್ದು ಬರಲಿರುವ ಕ್ಷಾಮದ ಪ್ರಮಾಣವಲ್ಲ, ಒಬ್ಬೊಬ್ಬರ ಪಾಲಿಗೆ ಉಳಿದಿದ್ದ ಕಾಲ. ನಾನು ವಿಮಾನ ತಡವಾದರೆ ನನಗಾಗುವ ನಷ್ಟವನ್ನು ಲೆಕ್ಕಹಾಕುತ್ತಿದ್ದೆ. ಲೆಕ್ಕಕ್ಕೆ ಬರಬೇಕಾಗಿದ್ದುದು ಗುರುಗಳ ಬೆಳಗುಗಳು.

ಮಂಜು ಕರಗುವ ಹೊತ್ತನ್ನು ನೋಡಿ, ಮಧ್ಯಾಹ್ನ ಇಳಿಯುವ ನೇರ ವಿಮಾನವನ್ನೇ ಆರಿಸಿದೆ. ನಡುವೆ ಎಲ್ಲಿಯಾದರೂ ಬದಲಿಸುವ ಅಗ್ಗದ ಟಿಕೆಟ್ ಬೇಡವೆಂದೆ. ಐದು ಗಂಟೆ ತಡವಾಗಿ ಇಳಿದಾಗ ಕತ್ತಲಾಗಿತ್ತು, ಗುರುಗಳು ಮಲಗಿದ್ದರು.

ಎರಡು ಬೆಳಗುಗಳು ಸಿಕ್ಕವು. ನೂರಾರು ಚೀಟಿಗಳ ಗುರುತುಗಳನ್ನು ಬಿಡಿಸಿ ಹೇಳಿದರು, ನಾನು ಬರೆದುಕೊಂಡೆ. ವೃತ್ತದೊಳಗಿನ ಒಂದು ಚುಕ್ಕೆ ಮಾತ್ರ ಏಕೆಂದು ಅವರಿಗೂ ನೆನಪಾಗಲಿಲ್ಲ. ಅಂಥ 17 ಚೀಟಿಗಳನ್ನು ಬೇರೆ ಕಟ್ಟಾಗಿ ಇಟ್ಟಿದ್ದೇನೆ.